ಎರಡು ಸ್ಟ್ಯಾಂಡ್‌ಬೈ, ಹನ್ನೊಂದು ಆರ್ಡರ್

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೊಂದೇ ದಿನ. ಗುರುವಾರ ನಸುಕಿನ 2.40ಕ್ಕೆ ಫೋನ್ ಬಡಿದುಕೊಂಡಿತು. ನಮ್ಮ ಆ್ಯಪ್‌ನಲ್ಲಿ ಹೂವಿನ ಅಂಗಡಿಯವರು ಸಗಟು ವ್ಯಾಪಾರಿಗಳಿಗೆ ಆರ್ಡರ್ ಹಾಕುತ್ತಾರೆ. ಕೆ.ಆರ್. ಮಾರ್ಕೆಟ್‌ನಲ್ಲಿ ಬೆಳಕು ಹರಿಯುವ ಮುಂಚೆಯೇ ಸೇವಂತಿಗೆ ರಾಶಿ ಬೀಳುವ ಹೊತ್ತು ಅದು.

"ಸರ್, ಪ್ರೈಮರಿ ಪಿಂಗ್‌ಗೂ ಉತ್ತರ ಕೊಡ್ತಿಲ್ಲ" ಅಂದ ನೈಟ್ ಶಿಫ್ಟ್ ಹುಡುಗ.

ನಿಜ ಹೇಳಬೇಕೆಂದರೆ ನನಗೆ ಅಷ್ಟೇನೂ ಭಯ ಆಗಲಿಲ್ಲ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ 14. ಆರ್ಡರ್ ಬರೆದುಕೊಳ್ಳುವ ಮುಖ್ಯ ಸರ್ವರ್ರೇ ಪ್ರೈಮರಿ. ಅದರ ಪ್ರತಿ ಇಟ್ಟುಕೊಂಡು ಕಾಯುವ ಸ್ಟ್ಯಾಂಡ್‌ಬೈ ಎರಡಿದ್ದವು. ಒಂದು ಪ್ರೈಮರಿ ಪಕ್ಕದ ರ‍್ಯಾಕ್‌ನಲ್ಲಿ, ಇನ್ನೊಂದು ಮುಂಬೈನಲ್ಲಿ. ಒಂದು ಹೋದರೆ ಇನ್ನೊಂದು, ಅಲ್ವಾ? ತಾನಾಗೇ ಫೇಲೋವರ್ ಮಾಡುವ, ಅಂದರೆ ಪ್ರೈಮರಿ ಸತ್ತರೆ ಸ್ಟ್ಯಾಂಡ್‌ಬೈಯನ್ನು ಅದರ ಜಾಗಕ್ಕೆ ತರುವ, ಪ್ಯಾಟ್ರೋನಿ ಥರದ ಟೂಲ್ ಹಾಕೋಣ ಅಂತ ವರ್ಷದಿಂದ ಮಾತಾಡುತ್ತಲೇ ಇದ್ದೆವು. ಮಾತಾಡಿದ್ದಷ್ಟೇ.

ಮೊದಲು ಡೇಟಾ ಸೆಂಟರ್‌ಗೆ ಫೋನ್ ಮಾಡಿ ಸತ್ತ ಮೆಷಿನ್ನಿನ ನೆಟ್‌ವರ್ಕ್ ಕೇಬಲ್ ಕೀಳಿಸಿದೆ. ಅರ್ಧ ಗಂಟೆ ಬಿಟ್ಟು ಅದು ಎದ್ದು ಕೂತು ತಾನೇ ಪ್ರೈಮರಿ ಅಂದುಕೊಂಡು ಆರ್ಡರ್ ತಗೊಳ್ಳೋಕೆ ಶುರು ಮಾಡಿದರೆ ಆ ಗೋಜಲು ಬಿಡಿಸುವವರು ಯಾರು? ಅಷ್ಟು ಬುದ್ಧಿ ಓಡಿತ್ತು.

ಆಮೇಲೆ ಎರಡೂ ಸ್ಟ್ಯಾಂಡ್‌ಬೈಗೆ ಕೇಳಿದೆ: ಪ್ರೈಮರಿಯಿಂದ ಲಾಗ್ (ಪ್ರತಿ ಬದಲಾವಣೆಯನ್ನೂ ಸಾಲಾಗಿ ಬರೆದಿಡುವ ದಾಖಲೆ) ಎಲ್ಲಿಯವರೆಗೆ ನಿಮಗೆ ಬಂದಿದೆ? ಉತ್ತರ ಎಲ್‌ಎಸ್‌ಎನ್ ಅನ್ನೋ ಅಂಕಿಯಲ್ಲಿ ಬರುತ್ತದೆ. ಲಾಗ್‌ನಲ್ಲಿ ಯಾವ ಜಾಗ ಅಂತ ಹೇಳುವ ಅಂಕಿ ಅದು, ಹದಿನಾರರ ಲೆಕ್ಕದಲ್ಲಿ: 9 ಆದ ಮೇಲೆ ಎ ಇಂದ ಎಫ್ ಕೂಡ ಅಂಕಿಗಳೇ. ಪಕ್ಕದ್ದು 3ಎ/ಎಫ್‌ಎಫ್12ಎ8 ಅಂತು. ಮುಂಬೈದು 3ಎ/1004ಸಿ20 ಅಂತು. ಕಣ್ಣಿಗೆ ನಿದ್ದೆ. ಎಫ್‌ಎಫ್ ಅಂದರೆ ದೊಡ್ಡದು, 10 ಅಂದರೆ ಚಿಕ್ಕದು. ಅಲ್ಲದೆ ಪಕ್ಕದಲ್ಲಿರೋದೇ ತಾನೇ ಮುಂದಿರಬೇಕು? ಅದನ್ನೇ ಪ್ರಮೋಟ್ ಮಾಡಿದೆ, ಅಂದರೆ ಹೊಸ ಪ್ರೈಮರಿ ಮಾಡಿದೆ. 2.58ಕ್ಕೆ ಆರ್ಡರ್‌ಗಳು ಮತ್ತೆ ಬರತೊಡಗಿದವು. ಹುಡುಗ ನಿಟ್ಟುಸಿರು ಬಿಟ್ಟಿದ್ದು ಫೋನಿನಲ್ಲೇ ಕೇಳಿಸಿತು.

ಇನ್ನು ಮುಂಬೈದನ್ನು ಹೊಸ ಪ್ರೈಮರಿ ಕಡೆ ತಿರುಗಿಸಿದರೆ ಮುಗೀತು. ವಿಳಾಸ ಬದಲಿಸಿ ರೀಲೋಡ್ ಕೊಟ್ಟೆ. 13ನೇ ಆವೃತ್ತಿಯಿಂದ ಈಚೆಗೆ ಇದಕ್ಕೆ ರೀಸ್ಟಾರ್ಟ್ ಕೂಡ ಬೇಡ. ಆದರೆ ಅದು ಸೇರಿಕೊಳ್ಳಲೇ ಇಲ್ಲ. ಅದರ ಎರರ್ ಮೆಸೇಜ್‌ನಲ್ಲಿ ಒಂದೇ ತಕರಾರು: 'ಹೊಸ ಟೈಮ್‌ಲೈನ್ 2 ಕವಲೊಡೆದಿರುವುದು ನಾನೀಗ ಇರುವ ಜಾಗಕ್ಕಿಂತ ಹಿಂದೆ.' ಪ್ರಮೋಟ್ ಮಾಡಿದಾಗ ಲಾಗ್ ಹೊಸ ಕವಲು ಹಿಡಿಯುತ್ತದೆ, ಅದೇ ಟೈಮ್‌ಲೈನ್. ಅಂದರೆ ಮುಂಬೈ ಸರ್ವರ್ ನಾನು ಪ್ರಮೋಟ್ ಮಾಡಿದ್ದಕ್ಕಿಂತ ಮುಂದಿತ್ತು!

ಮತ್ತೆ ಆ ಎರಡು ಅಂಕಿ ನೋಡಿದೆ. ಎಫ್‌ಎಫ್12ಎ8ರಲ್ಲಿ ಆರು ಅಕ್ಷರ. 1004ಸಿ20ರಲ್ಲಿ ಏಳು. ನಮ್ಮ ಆವೃತ್ತಿ ಅಂಕಿಯ ಎಡಗಡೆಯ ಸೊನ್ನೆಗಳನ್ನು ಬರೆಯುವುದಿಲ್ಲ. 99 ದೊಡ್ಡದೋ 100 ದೊಡ್ಡದೋ ಅಂತ ಕೇಳಿದಾಗ 99 ಅಂದ ಹಾಗಾಗಿತ್ತು ನನ್ನ ಕಥೆ. ಕಳೆದು ತೋರಿಸೋಕೆ ಪೋಸ್ಟ್‌ಗ್ರೆಸ್‌ನಲ್ಲೇ ಫಂಕ್ಷನ್ ಇದೆ, ಒಂದು ಸಾಲು ಅಷ್ಟೇ. ಆಗ ಹೊಡೆದು ನೋಡಿದೆ. 80,248 ಬೈಟ್.

ಪಕ್ಕದಲ್ಲಿದ್ದದ್ದು ಯಾಕೆ ಹಿಂದೆ ಬಿದ್ದಿತ್ತು? ರಾತ್ರಿಯ ರಿಪೋರ್ಟ್‌ಗಳೆಲ್ಲ ಓಡುತ್ತಿದ್ದದ್ದು ಅದರ ಮೇಲೇ. ಡಿಸ್ಕ್ ಏದುಸಿರು ಬಿಡುತ್ತಿತ್ತು. ಮುಂಬೈ ಸರ್ವರ್‌ಗೆ ಅಂಥ ಕೆಲಸವೇನೂ ಇರಲಿಲ್ಲ.

ಈಗ ಮುಂಬೈಗೆ ಹಾರೋಣ ಅಂದರೆ ಇಲ್ಲಿ ಆಗಲೇ ಇಪ್ಪತ್ತು ನಿಮಿಷದ ಹೊಸ ಆರ್ಡರ್‌ಗಳಿದ್ದವು. ಅವನ್ನು ಬಿಡೋಕಾಗಲ್ಲ. ಹಾಗಾಗಿ ಮುಂಬೈದನ್ನು ಮುಟ್ಟದೆ, ಅದರಲ್ಲಿ ಮಾತ್ರ ಇದ್ದ ಸಾಲುಗಳನ್ನು ಹುಡುಕಿದೆವು. 88413ರಿಂದ 88423. ಹನ್ನೊಂದು ಆರ್ಡರ್. ಒಂದರಲ್ಲಿ ಇನ್ನೂರು ಮಾರು ಮಲ್ಲಿಗೆ!

ಇವನ್ನು ಹೊಸ ಪ್ರೈಮರಿಗೆ ಸೇರಿಸಬೇಕಲ್ಲ, ಆ ನಂಬರ್‌ಗಳನ್ನು ಅದು ಈಗಾಗಲೇ ಬೇರೆಯವರಿಗೆ ಕೊಟ್ಟಿದ್ದರೆ? ನನ್ನ ಹೊಟ್ಟೆ ಕಲಕಿದ್ದು ಆ ರಾತ್ರಿ ಆಗ ಮಾತ್ರ. ನೋಡಿದರೆ ಹೊಸ ಪ್ರೈಮರಿಯಲ್ಲಿ 88412 ಆದ ಮೇಲೆ ನೇರ 88441. ಪೋಸ್ಟ್‌ಗ್ರೆಸ್‌ನಲ್ಲಿ ಸಾಲಾಗಿ ನಂಬರ್ ಕೊಡುವ ಸೀಕ್ವೆನ್ಸ್ ಅವನ್ನು ಒಂದೊಂದಾಗಿ ಲಾಗ್‌ಗೆ ಬರೆಯಲ್ಲ, 32ರಷ್ಟು ಮುಂದಕ್ಕೆ ಬರೆದುಕೊಂಡು ಬಿಡುತ್ತದೆ. ಫೇಲೋವರ್ ಆದಾಗ ಉಳಿದವು ಹಾರಿಹೋಗುತ್ತವೆ. ಆ ಖಾಲಿ ಜಾಗದಲ್ಲಿ ಹನ್ನೊಂದೂ ಸಲೀಸಾಗಿ ಕೂತವು. ಬರೀ ಅದೃಷ್ಟ. ಇನ್ನೂ ಒಂದಿಪ್ಪತ್ತು ಆರ್ಡರ್ ಜಾಸ್ತಿ ಇದ್ದಿದ್ದರೆ ನಂಬರ್‌ಗಳು ಡಿಕ್ಕಿ ಹೊಡೆಯುತ್ತಿದ್ದವು.

ಪಿಜಿ ರಿವೈಂಡ್ ಅನ್ನೋ ಟೂಲ್ ಹಾಕಿ ಮುಂಬೈದನ್ನು ಕವಲಿನ ಹಿಂದಕ್ಕೆ ಎಳೆದು ಜೋಡಿಸುವಷ್ಟರಲ್ಲಿ ಐದೂವರೆ. ಹಾಲಿನವನು ಗೇಟ್ ಹತ್ತಿರ ಬಂದಿದ್ದ.

ಬೆಳಿಗ್ಗೆ ಮೀಟಿಂಗ್‌ನಲ್ಲಿ "ಸಿಂಕ್ರೊನಸ್ ಮಾಡಿಬಿಡಿ, ಮುಗೀತು" ಅಂದರು ಮ್ಯಾನೇಜರ್. ಅಂದರೆ ಸ್ಟ್ಯಾಂಡ್‌ಬೈಗೆ ತಲುಪಿದ ಮೇಲಷ್ಟೇ ಆರ್ಡರ್ ಆಯ್ತು ಅಂತ ಪ್ರೈಮರಿ ಹೇಳೋದು. ಎರಡರಲ್ಲಿ ಯಾವುದಾದರೂ ಒಂದು ಒಪ್ಪಿದರೆ ಸಾಕು ಅನ್ನೋ ಸೆಟ್ಟಿಂಗ್ 10ನೇ ಆವೃತ್ತಿಯಿಂದಲೇ ಇದೆ. ಹಾಕಿದೆವು. ಆದರೂ ಆ 'ಯಾವುದಾದರೂ ಒಂದು' ಯಾವುದು ಅಂತ ಫೇಲೋವರ್ ದಿನ ಕೇಳಲೇಬೇಕು, ಸರ್, ಅಂದೆ. ಅವರು ಆಗಲೇ ಮುಂದಿನ ವಿಷಯಕ್ಕೆ ಹೋಗಿದ್ದರು.

ತಿಂಗಳ ಕೊನೆಗೆ ಅಕೌಂಟ್ಸ್ ಮೇಡಂ ಫೋನ್ ಮಾಡಿದರು. "ಏನ್ರೀ, 88424ರಿಂದ 88440ರವರೆಗೆ ಹದಿನೇಳು ಬಿಲ್ ನಂಬರ್ ಎಲ್ಲಿ ಹೋದ್ವು?" ನಂಬರ್ ತಪ್ಪಿದಾಗಲೆಲ್ಲ ಅವರು ಕೇಳುತ್ತಾರೆ, ನಾನು ಗೊಣಗುತ್ತೇನೆ. ಆ ದಿನ ಮಾತ್ರ ಅವರ ಟೇಬಲ್‌ಗೇ ಹೋಗಿ ಕೂತು, ಕಾಫಿ ತರಿಸಿ, ಶುರುವಿನಿಂದ ಹೇಳಿದೆ.