ಚಿರೆಕಲ್ಲಿನ ಗೋಡೆಯಲ್ಲಿ ಕೊನೆಗೂ ಬೋಲ್ಟ್ ನಿಂತಿತು

ಗ್ಯಾರೇಜಿನ ಗೋಡೆಗೆ ಒಂದು ಮರದ ರ‍್ಯಾಕ್ ಮಾಡಿದೆ. ಚೌಕಟ್ಟು ಕೂಡಿಸಿದ್ದು, ಪಾಲಿಶ್ ಹೊಡೆದದ್ದು ಮಾಮೂಲಿ, ಬಿಡಿ. ಅಳತೆ ಇಷ್ಟು: ಎತ್ತರ 1800, ಅಗಲ 1500, ಆಳ 450 ಎಂಎಂ, 18 ಎಂಎಂ ಪ್ಲೈನ ನಾಲ್ಕು ಹಲಗೆ. (18 ಅಂತ ಬಿಲ್ಲು, ಕ್ಯಾಲಿಪರ್‌ನಲ್ಲಿ 16.8. ಹಲಗೆ ಕೂರಿಸಲು 18ಕ್ಕೆ ಕೊರೆದ ಕಚ್ಚುಗಳೆಲ್ಲ ಸಡಿಲ.) ಹಲಗೆ ಬಾಗದಂತೆ ಹಿಂದೆ-ಮುಂದೆ 75×38 ಪಟ್ಟಿ, ಅಂಚಿನ ಮೇಲೆ ನಿಲ್ಲಿಸಿ. ಮಲಗಿಸಿ ಹೊಡೆದದ್ದು ಬಾಗುವುದರ ಸುಮಾರು ಕಾಲು ಭಾಗವಷ್ಟೇ ಬಾಗುತ್ತದೆ.

ಮಡಗಾಂವ್‌ನ ಈ ಗ್ಯಾರೇಜಿನಲ್ಲಿ ಮೂರು ವಾರ ತಿಂದದ್ದು ಮರವಲ್ಲ, ಗೋಡೆ.

ಕಾರವಾರದವರು ಚಿರೆಕಲ್ಲು ಅನ್ನಲಿ, ಮಂಗಳೂರಿನವರು ಮುರಕಲ್ಲು ಅನ್ನಲಿ, ಈ ಕೆಂಪು ಜಂಬಿಟ್ಟಿಗೆ ಕಲ್ಲಿನ ಒಳಗೆಲ್ಲ ತೂತು, ತೂತಿನಲ್ಲಿ ಮೆತ್ತನೆ ಜೇಡಿ. ಎಕ್ಸ್‌ಪಾನ್ಷನ್ ಬೋಲ್ಟ್ ಹಿಡಿಯುವುದೇ ಬಿಗಿದಾಗ ಹಿಗ್ಗಿ ಪಕ್ಕಕ್ಕೆ ಒತ್ತಿ. ಇಲ್ಲಿ ಒತ್ತಿದಷ್ಟೂ ಪುಡಿ. ಸ್ಪ್ಯಾನರ್ ಎರಡು ಸುತ್ತು ಬಿಗಿಯಾಗಿ ಮೂರನೆಯದಕ್ಕೆ ಸಲೀಸಾಗಿ ತಿರುಗಿತೆಂದರೆ ಆ ತೂತಿಗೆ ಎಳ್ಳುನೀರು. ಹ್ಯಾಮರ್ ಮೋಡ್‌ನಲ್ಲಿ 10 ಎಂಎಂ ಬಿಟ್ ಕೊರೆದ ತೂತು 13 ಎಂಎಂ. ಅಂಗಡಿಯ ಸಲಹೆ: ಇನ್ನೂ ದಪ್ಪ ಬೋಲ್ಟ್ ಹಾಕಿ. ಹಾಕಿದರೆ ಇನ್ನೂ ಜಾಸ್ತಿ ಪುಡಿ.

ಮೊದಲ ನಕ್ಷೆಯೇ ತಪ್ಪು, ಹಲಗೆಗಳು ಬ್ರಾಕೆಟ್ ಮೇಲಿದ್ದವು. ಗೋಡೆಯ ಮೇಲೆ 300 ಎಂಎಂ ಎತ್ತರದ ಬ್ರಾಕೆಟ್, ಹಲಗೆ ಮೇಲೆ 100 ಕಿಲೋ, ಅದರ ಭಾರ ಆಳದ ನಡುವೆ, ಗೋಡೆಯಿಂದ 225ರಲ್ಲಿ: 100×225÷300, ಅಂದರೆ ಮೇಲಿನ ಸ್ಕ್ರೂಗಳ ಮೇಲೆ ಹಗಲೂ ರಾತ್ರಿ 75 ಕಿಲೋ ಎಳೆತ. ಕಾಲು ಕೊಟ್ಟರೆ ಭಾರ ನೆಲಕ್ಕೆ. ಗೋಡೆಗೆ ಉಳಿಯುವುದು ಮುಂದಕ್ಕೆ ವಾಲದಂತೆ ಹಿಡಿಯುವುದಷ್ಟೇ. 250 ಕಿಲೋ ಇರುವ ತುಂಬಿದ ರ‍್ಯಾಕನ್ನು ಮೇಲ್ತುದಿ ಹಿಡಿದು ಮುಂದಕ್ಕೆ ಕೆಡವಲು 31 ಕಿಲೋ ಎಳೆತ ಬೇಕು, 50 ಕಿಲೋದ ಖಾಲಿ ರ‍್ಯಾಕಿಗೆ 6 ಸಾಕು. ಏಣಿ ಅಂದುಕೊಂಡು ಹತ್ತುವ ಮಗುವಿಗೆ ಖಾಲಿ ರ‍್ಯಾಕೇ ಅಪಾಯ.

ಆ ಎಳೆತಕ್ಕೆ ಕೆಮಿಕಲ್ ಆ್ಯಂಕರ್, ಅಂದರೆ ತೂತಿಗೆ ಟ್ಯೂಬಿನ ರಾಳ ತುಂಬಿ ರಾಡ್ ಅಂಟಿಸುವುದು, ಜಾಲರಿ ಸ್ಲೀವ್ ಸಮೇತ. ಸ್ಲೀವ್ ಇಲ್ಲದಿದ್ದರೆ ರಾಳವೆಲ್ಲ ಕಲ್ಲಿನ ಹೊಟ್ಟೆಗೆ. 16 ಎಂಎಂ ತೂತು, ಹ್ಯಾಮರ್ ಆಫ್, ಕಲ್ಲಿನ ನಡುವೆ, ಗಾರೆಯ ಸಂದಿಯಲ್ಲಿ ಬೇಡವೇ ಬೇಡ. ಊದಿ, ಬ್ರಷ್ ತಿರುವಿ, ಮತ್ತೆ ಊದಿ. ಧೂಳು ಉಳಿದರೆ ರಾಳ ಕಲ್ಲಿಗಲ್ಲ, ಧೂಳಿಗೆ ಅಂಟುತ್ತದೆ. ನಾಝಲ್‌ನಿಂದ ಬರುವ ರಾಳದ ಬಣ್ಣ ಒಂದೇ ಸಮ ಆಗುವವರೆಗೆ ಹೊರಗೆ ಚೆಲ್ಲಿ. 16×85 ಸ್ಲೀವನ್ನು ತಳದಿಂದ ತುಂಬುತ್ತ ಬಂದು ಎಂ10 ರಾಡ್ ತಿರುಗಿಸುತ್ತ ಇಳಿಸಿ. ಗೋಡೆ ತೇವವಿದ್ದರೆ ಟ್ಯೂಬಿನ ಮೇಲೆ ಬರೆದ ಹೊತ್ತಿನ ಎರಡು ಪಟ್ಟು ಕಾಯಿರಿ. ಜುಲೈಯಲ್ಲಿ ಗೋವೆಯ ಗೋಡೆ ಒಣಗಿರುವುದಿಲ್ಲ.

ನಾಲ್ಕು ರಾಡ್, ಒಂದೂ ಅಲುಗಿಲ್ಲ.

ಟ್ಯೂಬಿನಲ್ಲಿ ಅರ್ಧ ಉಳಿದಿದೆ, ನಾಝಲ್‌ನೊಳಗಿನದು ಆಗಲೇ ಕಲ್ಲು. ಉಳಿದದ್ದು ಗೋಡೆಗೆ ಮಡಚುವ ವರ್ಕ್‌ಬೆಂಚಿಗೆ, ಅದಕ್ಕೂ ಮುಂದೆ ಕಾಲು ಇದ್ದೇ ಇರುತ್ತದೆ. ಅಷ್ಟರೊಳಗೆ ರ‍್ಯಾಕಿನ ಕಾಲಡಿಗೆ, ನೆಲದ ತೇವ ಏರದಂತೆ, ಎಪಾಕ್ಸಿ ಎರಡು ಕೋಟ್, ಕೆಳಗೆ ಹಳೆಯ ಪ್ಲಾಸ್ಟಿಕ್ ಕಟಿಂಗ್ ಬೋರ್ಡಿನ ತುಂಡು. ‘ಸೀಸನ್ ಆದ ಮರ’, ಅಂದರೆ ಒಣಗಿಸಿದ್ದು, ಅಂತ ಮಿಲ್ಲಿನವನು ಕೊಟ್ಟ ಕಾಲುಗಳು ಮೀಟರಿನಲ್ಲಿ 24% ತೇವ ತೋರಿಸುತ್ತಿವೆ, ಒಣಗಿ ಕುಗ್ಗುವುದರಿಂದ ದೀಪಾವಳಿಗೆ ನಟ್ಟೆಲ್ಲ ಮತ್ತೆ ಬಿಗಿಯಬೇಕು.