ನಮ್ಮ ಗಿಂಕ್ಗೊಗೆ ಗಂಡು ಹುಡುಕಿದ ಕಥೆ

ಹಿತ್ತಲಿನ ಗಿಂಕ್ಗೊ ಮರ ಹೆಣ್ಣು ಅಂತ ನನಗೆ ಗೊತ್ತಾಗಿದ್ದು ಪೊರಕೆಯಿಂದ. ಅದೊಂದು ಮೇ ತಿಂಗಳು, ಮರದ ಕೆಳಗೆ ಗುಡಿಸುತ್ತಿದ್ದೆ. ಒಂದಿಂಚು ಉದ್ದದ ತೆಳು ಹಸಿರು ತೊಟ್ಟುಗಳು ರಾಶಿ ಬಿದ್ದಿದ್ದವು. ಒಂದನ್ನು ಎತ್ತಿ ನೋಡಿದರೆ ತುದಿಯಲ್ಲಿ ಜೋಡಿ ಮಣಿ. ಬೆಂಕಿಕಡ್ಡಿಯ ತಲೆಯನ್ನು ಎರಡು ಮಾಡಿ ಅಂಟಿಸಿದ ಹಾಗೆ. ಅದು ಹೂವಲ್ಲ, ಗಿಂಕ್ಗೊ ಹೂ ಬಿಡುವ ಜಾತಿಯೇ ಅಲ್ಲ. ಆ ಮಣಿಗಳೇ ಅಂಡಕಗಳು, ಮುಂದೆ ಬೀಜ ಆಗಬೇಕಾದವು. ಪರಾಗ ಸಿಗದೆ ಉದುರಿಹೋಗಿದ್ದವು.

ಹತ್ತು ವರ್ಷ ಆ ಮರದ ಬೀಸಣಿಗೆ ಎಲೆ ನೋಡಿದ್ದೆ, ಚಳಿಗೆ ಮುಂಚೆ ಅದು ಅರಿಶಿನ ಬಣ್ಣಕ್ಕೆ ತಿರುಗುವುದನ್ನು ನೋಡಿದ್ದೆ. ಅದಕ್ಕೆ ಜೋಡಿ ಬೇಕು ಅನ್ನೋದು ಮಾತ್ರ ಹೊಳೆದಿರಲಿಲ್ಲ. ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಇರುತ್ತವಲ್ಲ, ಇದೂ ಹಾಗೆಯೇ. ಜೇನು, ಚಿಟ್ಟೆಗಳ ಹಂಗೇನೂ ಇಲ್ಲ, ಪರಾಗ ತರುವುದು ಗಾಳಿ. ಆದರೆ ಗಾಳಿಗೆ ಹೊತ್ತು ತರಲು ಹತ್ತಿರದಲ್ಲಿ ಗಂಡು ಮರ ಇರಬೇಕಲ್ಲ.

ಗೆಳತಿಯ ಮನೆಯಲ್ಲಿತ್ತು. ಅವಳು ಗಂಡೇ ಬೇಕು ಅಂತ ಕೇಳಿ, ಕಸಿ ಗಿಡ ತಂದು ನೆಟ್ಟವಳು. ಹೆಣ್ಣು ಮರದ ಹಣ್ಣು ನಾರುತ್ತದೆ ಅಂತ ಬಹಳ ಜನ ಹಾಗೇ ಮಾಡುತ್ತಾರೆ. ಬೀಜದಿಂದ ಬೆಳೆಸಿದರೆ ಗಂಡೋ ಹೆಣ್ಣೋ ತಿಳಿಯಲು ಇಪ್ಪತ್ತು ಮೂವತ್ತು ವರ್ಷ ಕಾಯಬೇಕು. ಗಂಡು ಮರದ ಕೊಂಬೆ ತಂದು ಕಸಿ ಕಟ್ಟಿದರೆ ಆ ಅನುಮಾನ ಇಲ್ಲ.

ಮಾರನೆಯ ಏಪ್ರಿಲ್‌ನಲ್ಲಿ ಅವಳೇ ಫೋನ್ ಮಾಡಿದಳು, "ಬಂದು ತಗೊಂಡು ಹೋಗು ಕಣೇ, ಮುಟ್ಟಿದರೆ ಹಳದಿ ಪುಡಿ ಉದುರುತ್ತಿದೆ" ಅಂತ. ಹೊಸ ಎಲೆಗಳ ನಡುವೆ ಹಿಪ್ಪಲಿ ತರಹದ ತೆನೆಗಳು ಜೋತುಬಿದ್ದಿದ್ದವು. ನಾಲ್ಕು ಕೊಂಬೆ ಕತ್ತರಿಸಿ ತಂದೆ. ಅಂದೇ ಸಂಜೆ ಏಣಿ ಹಾಕಿ, ಚಿತ್ರ ಬರೆಯುವ ಬ್ರಷ್‌ನಿಂದ ಕೈಗೆ ಸಿಕ್ಕ ಮಣಿಗಳಿಗೆಲ್ಲ ಪುಡಿ ಸವರಿದೆ. ಕುತ್ತಿಗೆ ಹಿಡಿದುಕೊಂಡಿತು. ಮೇ ತಿಂಗಳಲ್ಲಿ ಮತ್ತೆ ಪೊರಕೆಗೆ ಅದೇ ತೊಟ್ಟುಗಳು.

ತಪ್ಪು ಎಲ್ಲಾಯಿತು ಅಂತ ಓದಿ ನೋಡಿದಾಗ ನಗು ಬಂತು. ಅಂಡಕ ಸಿದ್ಧವಾದಾಗ ಅದರ ತುದಿಯಲ್ಲಿ ಒಂದು ಹನಿ ಒಸರುತ್ತದೆ. ಗಾಳಿಯಲ್ಲಿ ಬಂದ ಪರಾಗ ಆ ಹನಿಗೆ ಅಂಟಬೇಕು. ಆಮೇಲೆ ಹನಿ ಒಳಕ್ಕೆ ಸರಿಯುತ್ತದೆ, ಪರಾಗವನ್ನೂ ಎಳೆದುಕೊಂಡು. ಹನಿ ಇಲ್ಲದಿದ್ದರೆ ಬ್ರಷ್ ಆಡಿಸಿದ್ದೆಲ್ಲ ಸುಮ್ನೆ ಗೋಡೆಗೆ ಸುಣ್ಣ ಹೊಡೆದ ಹಾಗೆ. ಗೆಳತಿಯ ಮರ ಬಿಸಿಲು ಬೀಳುವ ಗೋಡೆ ಪಕ್ಕದಲ್ಲಿದೆ, ನಮ್ಮದು ನೆರಳಲ್ಲಿ. ಅವಳದು ಒಂದು ವಾರ ಮುಂದೆ. ನಾನು ಅವಳ ಮರದ ಗಡಿಯಾರ ನೋಡಿ ನಮ್ಮ ಮರಕ್ಕೆ ಮುಹೂರ್ತ ಇಟ್ಟಿದ್ದೆ!

ಮುಂದಿನ ವರ್ಷ ಅವಸರ ಮಾಡಲಿಲ್ಲ. ತೆನೆಗಳನ್ನು ಹಳೇ ಪೇಪರಿನ ಮೇಲೆ ಹರಡಿ, ಫ್ಯಾನ್ ಹಾಕದೆ, ಕಿಟಕಿ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಪೇಪರಿನ ಮೇಲೆ ತೆಳುವಾಗಿ ಹಳದಿ ಹಿಟ್ಟು. ಅದನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಕಾಗದದ ಪೊಟ್ಟಣ ಕಟ್ಟಿ, ಗಾಳಿಯಾಡದ ಡಬ್ಬಿಯೊಳಗೆ ಫ್ರಿಜ್‌ನಲ್ಲಿಟ್ಟೆ. ತೇವ ತಾಕದಿದ್ದರೆ ಪರಾಗ ಅಲ್ಲಿ ಚೆನ್ನಾಗೇ ಉಳಿಯುತ್ತದೆ. ಆಮೇಲೆ ದಿನಾ ಬೆಳಿಗ್ಗೆ ಭೂತಗನ್ನಡಿ ಹಿಡಿದು ಏಣಿ ಹತ್ತುವುದು, ಇಳಿಯುವುದು. ನಮ್ಮ ಮನೆಯವರು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತು ಕೇಳೋರು, "ಏನು, ಮುಹೂರ್ತ ಇನ್ನೂ ಕೂಡಿ ಬಂದಿಲ್ವಾ?"

ಆರನೆಯ ದಿನ ಹನಿ ಕಂಡಿತು.

ಮೊದಲು ಇಬ್ಬನಿ ಅಂದುಕೊಂಡೆ. ಆದರೆ ಎಲೆಗಳೆಲ್ಲ ಒಣಗಿದ್ದವು, ಬಿಸಿಲು ಬಂದಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಮಣಿಯ ಮೂತಿಯ ಮೇಲೂ ಸಾಸಿವೆಗಿಂತ ಚಿಕ್ಕ ಗಾಜಿನ ಗುಂಡು. ಒಂದರಲ್ಲಿ ಆಕಾಶ ತಲೆಕೆಳಗಾಗಿ ಕಾಣುತ್ತಿತ್ತು. ಬ್ರಷ್ ತಾಗಿಸಿದರೆ ಹನಿಯೇ ಬ್ರಷ್‌ಗೆ ಅಂಟಿಕೊಂಡು ಬಂತು. ಅಯ್ಯೋ ಅನ್ನಿಸಿತು. ಮತ್ತೆ ಬ್ರಷ್ ಮುಟ್ಟಿಸಲಿಲ್ಲ. ಪೊಟ್ಟಣದ ಮೂಲೆ ಕತ್ತರಿಸಿ, ಒಂದು ಚಿಟಿಕೆ ಪುಡಿಯನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಊದಿದೆ. ಗಾಳಿ ಮಾಡುವ ಕೆಲಸವನ್ನು ಬಾಯಿಂದ ಮಾಡಿದ್ದು, ಅಷ್ಟೇ. ಗಾಜಿನ ಗುಂಡುಗಳ ಮೇಲೆ ಹಳದಿ ಧೂಳು ಕೂತಿದ್ದು ಕಂಡಿತು. ಮಾರನೆಯ ದಿನ ನೋಡಿದರೆ ಆ ಕೊಂಬೆಯಲ್ಲಿ ಹನಿಗಳೇ ಇರಲಿಲ್ಲ. ಊದದೆ ಬಿಟ್ಟಿದ್ದ ಮೇಲಿನ ಕೊಂಬೆಯಲ್ಲಿ ಇನ್ನೂ ಹೊಳೆಯುತ್ತಿದ್ದವು.

ಇಡೀ ಮರಕ್ಕೆ ಊದಲು ಹೋಗಲಿಲ್ಲ. ವಿಪರೀತ ಕಾಯಿ ಹಿಡಿಸಿದರೆ ಮರ ಸೊರಗುತ್ತದೆ ಅಂತ ಓದಿದ್ದೆ. ನಿಜ ಹೇಳಬೇಕೆಂದರೆ ಉಸಿರೂ ಇರಲಿಲ್ಲ.

ಕಾಯಿ ನಿಂತವು. ಜುಲೈ ಹೊತ್ತಿಗೆ ಗೋಲಿಯಷ್ಟಾದವು. ಗೆದ್ದೆ ಅಂದುಕೊಂಡೆ, ಅಲ್ಲೂ ತಪ್ಪು. ಪರಾಗ ಒಳಗೆ ಹೋಗಿದೆ, ಮದುವೆ ಇನ್ನೂ ಆಗಿಲ್ಲ! ಏಪ್ರಿಲ್‌ನಲ್ಲಿ ಒಳಹೊಕ್ಕ ಪರಾಗ ನಾಲ್ಕೈದು ತಿಂಗಳು ಅಲ್ಲೇ ಕೂತು ನಿಧಾನಕ್ಕೆ ಬೆಳೆಯುತ್ತದೆ. ಆಮೇಲೆ ಅದರಿಂದ ಹೊರಬರುವ ಗಂಡು ಕಣಗಳು ಪ್ರಾಣಿಗಳ ವೀರ್ಯಾಣುವಿನಂತೆ ಈಜುತ್ತವೆ. ಒಂದೊಂದಕ್ಕೂ ಸುಮಾರು ಸಾವಿರ ಕೂದಲೆಳೆಯಂಥ ಬಾಲ. ಈಗ ಬದುಕಿರುವ ಬೀಜದ ಸಸ್ಯಗಳಲ್ಲಿ ಗಿಂಕ್ಗೊ ಮತ್ತು ಸೈಕಾಸ್ ಬಳಗ ಬಿಟ್ಟರೆ ಇನ್ಯಾವುದಕ್ಕೂ ಹೀಗಿಲ್ಲ. ಅದನ್ನು ಮೊದಲು ಕಂಡವರು ಟೋಕಿಯೊದ ಸಕುಗೊರೊ ಹಿರಸೆ, 1896ರಲ್ಲಿ. ಅವರು ವಿಶ್ವವಿದ್ಯಾಲಯದಲ್ಲಿ ಚಿತ್ರ ಬರೆಯುವ ಕೆಲಸಕ್ಕೆ ಸೇರಿದ್ದವರು. ಅವರು ಬೀಜ ಕಿತ್ತ ಮರ ಕೊಯಿಶಿಕಾವಾ ಸಸ್ಯೋದ್ಯಾನದಲ್ಲಿ ಇನ್ನೂ ಇದೆ. ನನಗೆ ಹಿರಸೆಯವರ ತಾಳ್ಮೆ ನೆನೆದೇ ಸುಸ್ತಾಗುತ್ತದೆ. ಸರಿಯಾದ ದಿನ, ಸರಿಯಾದ ಹೊತ್ತು ಸಿಗುವ ತನಕ ಬೀಜ ಸೀಳುತ್ತಲೇ ಇರಬೇಕಲ್ಲ. ನಮ್ಮ ಮರದಲ್ಲಿ ಆ ಈಜು ಯಾವ ದಿನ ನಡೆಯಿತೋ, ನಾನು ಕೆಳಗೆ ಬಟ್ಟೆ ಒಣಹಾಕುತ್ತಿದ್ದೆನೋ ಏನೋ.

ಅಕ್ಟೋಬರ್ ಕೊನೆಗೆ ಹಣ್ಣು ಉದುರಿದವು. ಆ ವಾಸನೆ ಬಗ್ಗೆ ಜಾಸ್ತಿ ಹೇಳಲ್ಲ. ಕಮಟು ಬೆಣ್ಣೆಯಲ್ಲಿರುವ ಬ್ಯುಟಿರಿಕ್ ಆಮ್ಲವೇ ಇದರ ತಿರುಳಲ್ಲೂ ಇರುತ್ತದೆ. ನಮ್ಮ ಮನೆಯವರು ಮೊದಲ ದಿನ ಚಪ್ಪಲಿ ತಿರುಗಿಸಿ ತಿರುಗಿಸಿ ನೋಡಿಕೊಂಡರು. ತಿರುಳು ತಾಕಿದರೆ ಕೆಲವರ ಚರ್ಮ ಕೆರೆದು ಬೊಬ್ಬೆ ಏಳುತ್ತದೆ, ಅದಕ್ಕೆ ಗ್ಲೌಸ್ ಹಾಕಿ ಬಕೆಟ್ಟಿನಲ್ಲಿ ಹಿಸುಕಿ ತೊಳೆದೆ. ಒಳಗೆ ಬೆಳ್ಳನೆಯ ಗಟ್ಟಿ ಓಡು. ಒಟ್ಟು 43 ಬೀಜ. ಒಂದನ್ನು ಒಡೆದು ನೋಡಿದೆ. ಹಸಿರು ತಿರುಳು. ಮೊಳಕೆ ಹುಡುಕಿದೆ, ಕಾಣಲಿಲ್ಲ. ಬಿದ್ದಾಗ ಅದು ತೀರಾ ಚಿಕ್ಕದಿರುತ್ತದೆ, ನೆಲಕ್ಕೆ ಬಿದ್ದ ಮೇಲೂ ಬೆಳೆಯುತ್ತದಂತೆ. ಇನ್ನೂ ಕಾಯಬೇಕು!

ಹತ್ತು ಬೀಜವನ್ನು ಒದ್ದೆ ಮರಳಿನ ಡಬ್ಬಿಯಲ್ಲಿ ಚಳಿಗಾಲ ಪೂರ್ತಿ ಫ್ರಿಜ್‌ನಲ್ಲಿಟ್ಟೆ, ಪರಾಗ ಇಟ್ಟಿದ್ದ ಜಾಗದಲ್ಲೇ. ಬೇಸಿಗೆಯ ಹೊತ್ತಿಗೆ ಮೂರು ಮೊಳೆತವು. ಚೆನ್ನಾಗಿದ್ದ ಒಂದನ್ನು ಕುಂಡದಲ್ಲಿಟ್ಟು ಗೆಳತಿಗೆ ಕೊಟ್ಟೆ. ಗಂಡಿನ ಕಡೆಯವಳಲ್ಲವೇ.

ಅವಳು ಆ ಎರಡೇ ಎಲೆಯ ಗಿಡವನ್ನು ತಿರುಗಿಸಿ ನೋಡಿದಳು. "ಇದೇನಾದ್ರೂ ಹೆಣ್ಣಾದ್ರೆ?"

"ಇಪ್ಪತ್ತು ಮೂವತ್ತು ವರ್ಷ ಕಾದು ನೋಡು."

ಕುಂಡ ಎತ್ತಿಕೊಂಡು ಹೋಗಿ ಕಾಂಪೌಂಡಿನ ಆ ತುದಿಯಲ್ಲಿಟ್ಟು ಬಂದಳು.