ಭಾನುವಾರದ ಮಾತ್ರೆ

17 ನವೆಂಬರ್ 2024, ಭಾನುವಾರ

ಚಿಕ್ಕಮ್ಮ ಮಾತ್ರೆ ನಿಲ್ಲಿಸಿದ್ದಾರೆ. ನಾನು ಕೇಳದಿದ್ದರೆ ಹೇಳುತ್ತಲೂ ಇರಲಿಲ್ಲ. ಫೋನಿನಲ್ಲಿ ಅದೂ ಇದೂ ಮಾತಾಡಿ, ಇಡುವ ಮುಂಚೆ ಸುಮ್ನೆ "ಇವತ್ತಿನ ಮಾತ್ರೆ ಆಯ್ತಾ?" ಅಂದೆ. ಆ ಕಡೆಯಿಂದ ಮಾತಿಲ್ಲ.

"ಅದು ಕ್ಯಾನ್ಸರ್ ಮಾತ್ರೆಯಂತೆ ಕಣೇ. ಪಕ್ಕದ ಮನೆ ಹುಡುಗಿ ಮೊಬೈಲಲ್ಲಿ ನೋಡಿ ಹೇಳಿದ್ಲು. ನಂಗಿರೋದು ವಾತ, ನಂಗ್ಯಾಕೆ ಅದು? ಹೋದ ಎರಡು ವಾರ ತಗೊಂಡಿಲ್ಲ."

ಹುಡುಗಿ ಹೇಳಿದ್ದು ಸುಳ್ಳೇನಲ್ಲ. ಚಿಕ್ಕಮ್ಮನ ಮಾತ್ರೆ ಮೆಥೊಟ್ರೆಕ್ಸೇಟ್, ಅದು ಮೊದಲು ಬಂದದ್ದು ಕ್ಯಾನ್ಸರಿಗೇ. ಅಮೆರಿಕದಲ್ಲಿ ಅದನ್ನು ತಯಾರಿಸಿದ ತಂಡದ ಮುಂದಾಳು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಆದರೆ ಕ್ಯಾನ್ಸರಿಗೆ ಕೊಡುವ ಪ್ರಮಾಣ ತುಂಬಾ ಜಾಸ್ತಿ. ಚಿಕ್ಕಮ್ಮನಿಗೆ ವಾರಕ್ಕೊಂದು ದಿನ, 15 ಮಿಲಿಗ್ರಾಂ. ಅಷ್ಟು ಕಮ್ಮಿಯಲ್ಲಿ ಅದು ಉರಿಯೂತ ತಗ್ಗಿಸುತ್ತದೆ.

"ನಿಮ್ಮ ಕೀಲಿನ ಒಳಗೆ ತೆಳ್ಳಗೆ ಒಂದು ಪೊರೆ ಇದೆ ಚಿಕ್ಕಮ್ಮ" ಅಂತ ಶುರು ಮಾಡಿದೆ. ಈ ವಾತದಲ್ಲಿ, ರೋಗಾಣುಗಳ ಜೊತೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಅಲ್ಲಿ ಬಂದು ಸೇರುತ್ತವೆ. ಅದರಲ್ಲಿ ಮ್ಯಾಕ್ರೋಫೇಜ್ ಅನ್ನೋ ಕೋಶಗಳು ಟಿಎನ್‌ಎಫ್ ಎಂಬ ವಸ್ತು ಬಿಡುತ್ತವೆ. ಅದು ಇನ್ನಷ್ಟು ಕೋಶಗಳನ್ನು ಕರೆಸುತ್ತದೆ. ಗಾಯವಾದಾಗ ಬರುವ ಊತ ನಾಲ್ಕು ದಿನಕ್ಕೆ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಪೊರೆ ದಪ್ಪವಾಗುತ್ತಾ ಮೂಳೆಯನ್ನೇ ಕೊರೆಯುತ್ತದೆ.

"ಚಪ್ಪರ ಬಿಚ್ಚಿದ ಮೇಲೂ ನೆಂಟರು ಹೋಗಲ್ಲ ಅನ್ನು."

ಹೂಂ, ಹಾಗೇ.

"ಈಗ ನೋವೇ ಇಲ್ವಲ್ಲೇ ಆದ್ರೆ!"

ಅಲ್ಲೇ ನನಗೆ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಹೋದ ವರ್ಷ ಅವರ ಬೆರಳ ಗೆಣ್ಣುಗಳು ಕೆಂಪಗೆ ಊದಿ, ಬಳೆ ಏರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಮುಷ್ಟಿ ಮಡಚಲು ಆಗುತ್ತಿರಲಿಲ್ಲ. ಕಾಫಿ ಲೋಟವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕುಡಿಯುತ್ತಿದ್ದರು. ಎಲ್ಲರೂ ವಯಸ್ಸಾಯ್ತು ಅಂದರು. ವಯಸ್ಸಿಗೆ ಸವೆದ ಕೀಲು ಸಾಮಾನ್ಯವಾಗಿ ಕೆಲಸ ಮಾಡಿದಷ್ಟೂ ನೋಯುತ್ತದೆ. ಇವರದ್ದು ಆಡಿಸಿದಷ್ಟೂ ಸಡಿಲವಾಗುತ್ತಿತ್ತು. ಆ ವ್ಯತ್ಯಾಸ ಹಿಡಿದದ್ದು ಡಾಕ್ಟರು ಮಾತ್ರ. ಅಷ್ಟರಲ್ಲಿ ತಿಂಗಳುಗಳೇ ಹೋಗಿದ್ದವು. ಒಮ್ಮೆ ಕೊರೆದ ಮೂಳೆ ಮೊದಲಿನ ಹಾಗೆ ಆಗುವುದಿಲ್ಲ.

1992ರಲ್ಲಿ ಲಂಡನ್ನಿನಲ್ಲಿ ರವೀಂದರ್ ಮೈನಿ, ಮಾರ್ಕ್ ಫೆಲ್ಡ್‌ಮನ್ ತಂಡ ಟಿಎನ್‌ಎಫ್ ಒಂದನ್ನೇ ತಡೆಯುವ ಮದ್ದನ್ನು ಇದೇ ವಾತದ 20 ರೋಗಿಗಳಿಗೆ ಕೊಡಲು ಶುರು ಮಾಡಿತು. ಊತ ಇಳಿಯಿತು. ಮದ್ದಿನ ಪ್ರಭಾವ ಮುಗಿದ ಮೇಲೆ ವಾಪಸ್ ಬಂತು. ಚಿಕ್ಕಮ್ಮನ ಮಾತ್ರೆ ಬೇರೆ, ಆದರೆ ಭಯ ಅದೇ. ಈಗ ನೋವಿಲ್ಲದಿರುವುದು ಮದ್ದಿನಿಂದ ಅಂತ ಇವರಿಗೆ ಹೇಗೆ ತಿಳಿಸಲಿ?

ಹೇಳಿದೆ. ಕೇಳಿಸಿಕೊಂಡರು. ಆಮೇಲೆ ತಣ್ಣಗೆ, "ಸರಿ ಬಿಡು, ಬಿಟ್ಟಿದ್ದನ್ನೂ ಸೇರಿಸಿ ಈಗಲೇ ನುಂಗಿಬಿಡ್ತೀನಿ" ಅಂದರು.

ಕಿರುಚಿಯೇ ಬಿಟ್ಟೆ. ವಾರದ ಮಾತ್ರೆಯನ್ನು ತಪ್ಪಿ ದಿನಾ ನುಂಗಿ, ಮೂಳೆಮಜ್ಜೆ ಕೆಟ್ಟು ಜೀವ ಕಳೆದುಕೊಂಡವರಿದ್ದಾರೆ. ಡಾಕ್ಟರನ್ನು ಕೇಳುವವರೆಗೆ ಡಬ್ಬಿ ಮುಟ್ಟಬೇಡಿ ಅಂದೆ. ಆಣೆ ಹಾಕಿಸಿಕೊಂಡೆ.

ಬೆಳಿಗ್ಗೆ ಮೊದಲು ಡಾಕ್ಟರಿಗೆ ಫೋನ್. ಲಿವರ್ ಪರೀಕ್ಷೆ, ರಕ್ತಪರೀಕ್ಷೆ ಕೂಡ ಬಾಕಿ ಇದೆ. ಚಿಕ್ಕಪ್ಪನಿಗೆ ಹೇಳಬೇಕೋ ಬೇಡವೋ. ಅವರು ರೇಗಿದರೆ ಇವರು ಮುಂದೆ ನನ್ನ ಹತ್ತಿರವೂ ಮುಚ್ಚಿಡುತ್ತಾರೆ, ಅದಕ್ಕೇ ಯೋಚನೆ